ಚಿಕಾಗೋದಲ್ಲಿ ಡ್ರಿಲ್ ಮಾಸ್ತರರು

ಧಾರವಾಡದ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದ ವಿರೂಪಾಕ್ಷಪ್ಪನವರು ಅಣ್ಣನ ಮಗಳು ಕಲ್ಪನಾಳನ್ನು ನೋಡಲು ಚಿಕಾಗೋಕ್ಕೆ ಬಂದರು. ಬಂದ ದಿನವೇ ಆ ಊರನ್ನು ಫೇಲು ಮಾಡಿಬಿಟ್ಟರು.

"ಏನ್ ಊರವಾ ಇದು! ತಲಿ ಎತ್ತಿದ್ರ ಕುತಗಿ ನೋಯ್ತದ, ತಗ್ಗಿಸಿದ್ರ ಗಾಳಿ ಟೊಪಗಿ ಹಾರಿಸ್ಕೊಂಡು ಹೋಗ್ತದ. ಒಬ್ಬರೂ ಮಾರಿ ನೋಡಿ ಮಾತಾಡಂಗಿಲ್ಲ."

ಮರುವಾರದಿಂದ ಬೆಳಿಗ್ಗೆ ಸರೋವರದ ದಂಡೆಗೆ ವಾಕಿಂಗ್ ಹೋಗತೊಡಗಿದರು. ದೂರುಗಳು ಬದಲಾದವೇ ಹೊರತು ನಿಲ್ಲಲಿಲ್ಲ.

"ಆ ನಾಯಿ ಹಿಡಕೊಂಡು ಬರೋ ಮುದುಕಿ ಬಾಯಿ ತಗದ್ಲಂದ್ರ ಮುಗೀತು, ಮುಚ್ಚಂಗಿಲ್ಲ. ಇಲ್ಲಿ ಮಂದಿಗೆ ಒಂಚೂರೂ ಶಿಸ್ತಿಲ್ಲ ಬಿಡು. ಬಗ್ಗಿ ಕಾಲು ಮುಟ್ರಿ ಅಂದ್ರ ಮೊಣಕಾಲಿಗೇ ಕೈ ನಿಲ್ತದ."

ಕಾಕಾನಿಗೆ ಈ ಊರು ಹಿಡಿಸಲೇ ಇಲ್ಲವೆಂದು ಕಲ್ಪನಾಳಿಗೆ ಸಂಕಟವಾಯಿತು. ವಿಮಾನದವರಿಗೆ ಮತ್ತೆ ಮತ್ತೆ ಫೋನು ಮಾಡಿ, ಅವರು ಒಂದು ತಿಂಗಳು ಮೊದಲೇ ಊರಿಗೆ ಮರಳುವಂತೆ ಟಿಕೆಟ್ ಬದಲಾಯಿಸಿದಳು.

"ಕಾಕಾ, ಇನ್ನ ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈ ಶನಿವಾರನ ನೀವು ಹೊರಡಬಹುದು."

ವಿರೂಪಾಕ್ಷಪ್ಪನವರು ಚಹಾದ ಕಪ್ಪನ್ನು ಕೆಳಗಿಟ್ಟರು.

"ಯಾರು ಹೇಳಿದ್ರು ನಿನಗ?"

"ಅಲ್ರೀ, ನೀವ ದಿನಾ ಬೈತಿದ್ರಲ್ಲ!"

"ಬೈದ್ರ ಬಿಟ್ಟು ಹೋಗ್ತೀನಿ ಅಂತನಾ? ಮೂವತ್ತು ವರ್ಷ ನಮ್ಮ ಸಾಲಿ ಹುಡುಗರಿಗೂ ಬೈದೇನಿ."

ಅವರು ಗಡಬಡಿಸಿ ಎದ್ದು, ಬಾಗಿಲ ಬಳಿ ಕುಳಿತು ಬೂಟಿನ ಲೇಸು ಬಿಗಿದರು. ಕೊರಳಿಗೆ ಸೀಟಿ ನೇತುಹಾಕಿಕೊಂಡರು.

"ಮೊದಲು ಅದನ್ನ ರದ್ದು ಮಾಡವಾ. ದಂಡಿ ಮ್ಯಾಲೆ ನನ್ನ ಹುಡುಗರು ಸಾಲಾಗಿ ನಿಂತು ಕಾಯ್ತಿರ್ತಾರ, ಎಲ್ಲಾರೂ ಎಪ್ಪತ್ತು ದಾಟಿದವರು!"