ಇಬ್ಬರಿಗೇ ಗೊತ್ತಿದ್ದ ಪಾಸ್‌ವರ್ಡ್

ಕಾಲೇಜಿನ ಅಂಕಗಳನ್ನೆಲ್ಲ ಹೊಸ ಸರ್ವರ್‌ಗೆ ಸಾಗಿಸಿದ್ದಾಗಿತ್ತು. ಆದರೆ ಪರೀಕ್ಷಾ ವಿಭಾಗದ ಪುಟ್ಟಸ್ವಾಮಯ್ಯನವರು ಎಷ್ಟು ಸಲ ಪಾಸ್‌ವರ್ಡ್ ಹೊಡೆದರೂ ಅದು ತಪ್ಪು ಅಂತಲೇ ಬರುತ್ತಿತ್ತು.

"ಹಳೇದ್ರಲ್ಲಿ ದಿನಾ ಇದನ್ನೇ ಹೊಡೀತಿದ್ದೆ ಕಣಮ್ಮ. ನೀನೇ ಏನೋ ಕೆಡಿಸಿದೀಯ," ಎಂದು ಸರ್ವರ್ ಜೋಡಿಸಲು ಬಂದಿದ್ದ ರಜಿಯಾಳ ಮೇಲೆ ರೇಗಿದರು.

"ಅಲ್ಲಿದ್ದ ಪಾಸ್‌ವರ್ಡನ್ನೇ ತಂದಿದೀನಿ ಸರ್. ಬೇರೆ ಯಾರಿಗಾದ್ರೂ ಗೊತ್ತಾ?"

ಅವರ ದನಿ ಇಳಿಯಿತು. "ಇಲ್ಲೇ ಪಕ್ಕದಲ್ಲಿ ಕೂತು ಕೆಲಸ ಮಾಡ್ತಿದ್ದ ಇಂದುಮತಿಗೆ ಗೊತ್ತಿತ್ತು. ಯಾರೋ ಅಂಕ ತಿದ್ದಿದ್ರು. ಗೊತ್ತಿದ್ದಿದ್ದು ನಮ್ಮಿಬ್ರಿಗೇ. ನಾನಂತೂ ತಿದ್ದಿಲ್ಲ. ವಿಚಾರಣೇಲಿ ಹಂಗಂತ ಹೇಳ್ದೆ, ಅವಳ ಕೆಲಸ ಹೋಯ್ತು. ಆಣೆ ಮಾಡಿ ಅತ್ಲು, ಪಾಪ."

ರಜಿಯಾ ಹಳೆಯ ಸರ್ವರ್‌ನ ಸೆಟ್ಟಿಂಗ್ ತೆರೆದು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಸರ್, ಹಳೇದ್ರಲ್ಲಿ ಒಂದ್ಸಲ ಬೇಕೂಂತ್ಲೇ ತಪ್ಪು ಪಾಸ್‌ವರ್ಡ್ ಹೊಡೀರಿ."

"ತಪ್ಪು ಹೊಡೆದ್ರೆ ಒಳಗೆ ಬಿಡುತ್ತೇನಮ್ಮ?"

ಅವಳು ಹಳೆಯ ಸರ್ವರ್‌ನ ಕೀಬೋರ್ಡನ್ನು ಅವರ ಮುಂದೆ ಸರಿಸಿದಳು. ಪುಟ್ಟಸ್ವಾಮಯ್ಯನವರಿಗೆ ಯಾಕೋ ಇಂದುಮತಿಯ ಖಾಲಿ ಕುರ್ಚಿಯ ಕಡೆ ನೋಡಲಾಗಲಿಲ್ಲ. ತಲೆ ತಗ್ಗಿಸಿಕೊಂಡು, ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಒತ್ತಿ, ಎಂಟರ್ ಹೊಡೆದರು.

ದಿನಾ ತೆರೆದುಕೊಳ್ಳುವ ಹಾಗೆಯೇ ಎಲ್ಲರ ಅಂಕಗಳೂ ತೆರೆದುಕೊಂಡವು.