ಕೆರೆ ಏರಿಯ ಪಾಠ

ಸಂತೆಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ ಬಂದ ಹೆಂಗಸು, ಸ್ಕೂಟರಿನ ವಿಮೆಯ ಕಾಗದವನ್ನು ಏಜೆಂಟನ ಮೇಜಿನ ಮೇಲೆ ಬಿಡಿಸಿಟ್ಟಳು.

“ಇದನ್ನ ರದ್ದು ಮಾಡ್ಸಿಕೊಡಣ್ಣ.”

“ಮಾಡ್ಸಿ ಮೂರು ತಿಂಗಳಾಗಿಲ್ಲ. ಈಗ ರದ್ದು ಮಾಡುದ್ರೆ ಶುಲ್ಕ ಅಂತ ಹಿಡ್ಕೊಂಡು, ಕಟ್ಟಿದ್ರಲ್ಲಿ ಅರ್ಧಾನೂ ವಾಪಸ್ ಬರಾಕಿಲ್ಲ ಕಣವ್ವ.”

“ಒಂದು ಕಾಸೂ ಬರದು ಬ್ಯಾಡ.”

“ಗಾಡಿ ಮಾರ್ಬುಟ್ರಾ?”

“ಇಲ್ಲ, ನನ್ನ ಹೆಸ್ರಲ್ಲೇ ಐತೆ. ನಾನು ಬಿದ್ದು ಸತ್ರೆ ನಮ್ ಯಜಮಾನ್ರಿಗೆ ಹದಿನೈದು ಲಕ್ಷ ಬತ್ತದೆ ಅಂತ ಇದ್ರಲ್ಲಿ ಬರ್ದೈತಂತೆ. ಲೈಸೆನ್ಸ್ ಬಂದಾಗಿಂದ ದಿನಾ ಕೆರೆ ಏರಿ ಮ್ಯಾಲೇ ಓಡ್ಸು ಅಂತಾರೆ. ನೆನ್ನೆ ನೋಡುದ್ರೆ ಬ್ರೇಕ್ ವೈರೇ ಇಲ್ಲ.”

ಏಜೆಂಟ್ ನಕ್ಕ. “ಕಟ್ಕೊಂಡ ಗಂಡನ ಮ್ಯಾಲೆ ಇಂಥಾ ಅನುಮಾನವಾ! ಇವತ್ತು ಫಾರಂ ಇಲ್ಲ, ಸೋಮವಾರ ಬಾರವ್ವ. ನಾನೇ ಬರ್ದು ಕಳುಸ್ತೀನಿ.”

ಅವಳು ಕೈಮುಗಿದು, ಕಾಗದ ಮಡಿಸಿ ಕುಪ್ಪಸದೊಳಗಿಟ್ಟುಕೊಂಡು ಮೆಟ್ಟಿಲಿಳಿದಳು. ಅವಳು ಬಸ್ಸು ಹತ್ತುವವರೆಗೂ ಏಜೆಂಟ್ ಕಿಟಕಿಯಲ್ಲಿ ನಿಂತು ನೋಡಿದ. ಆಮೇಲೆ ನಿಧಾನವಾಗಿ ಬಾಗಿಲು ಮುಂದೆ ಮಾಡಿ ಫೋನೆತ್ತಿದ.

“ನಿನ್ ಹೆಂಡ್ರಿಗೆ ಗೊತ್ತಾಗೈತೆ ಕಣ್ಲಾ. ಪಾಲಿಸಿ ಇರದು ಸೋಮವಾರದ ತಂಕ ಅಷ್ಟೇಯ.”