ಚಿಕ್ಕಮ್ಮನ ಮಿಂಚುಹುಳು

ಓರಗಿತ್ತಿ ಅಡುಗೆಮನೆಗೆ ಹೋದದ್ದೇ ತಡ, ತಾಯಿ ಅವಳ ಕಾರ್ಡನ್ನು ಬಿಡಿಸಿ ಒಳಗಿದ್ದ ಬಿಲ್ಲೆಯಂಥ ಸೆಲ್ಲನ್ನು ಮಗುಚಿಟ್ಟಳು; ತಲೆಕೆಳಗಾದರೆ ದೀಪ ಹತ್ತದು. ಮಗಳ ಹುಟ್ಟುಹಬ್ಬಕ್ಕೆಂದು ಇಬ್ಬರೂ ಜೊತೆಯಲ್ಲೇ ಕಲಿತು ಮಾಡಿದ ಕಾರ್ಡುಗಳವು: ಕಾಗದದ ಮೇಲೆ ತಾಮ್ರದ ಟೇಪು, ಒಂದು ಎಲ್‌ಇಡಿ, ಮೂಲೆಯನ್ನು ಒತ್ತಿದರೆ ಬೆಳಕು. ತಾಯಿಯದು ಹೂವು, ಓರಗಿತ್ತಿಯದು ಮಿಂಚುಹುಳು. ಆ ಹುಳು ಮಿನುಗಿದರೆ ಮಗಳು ಯಾರ ಕೊರಳಿಗೆ ಜೋತುಬೀಳುವಳೆಂದು ತಾಯಿಗೆ ಗೊತ್ತಿತ್ತು. ಮಾತೆತ್ತಿದರೆ ಚಿಕ್ಕಮ್ಮ, ಜಡೆ ಹೆಣೆಯಲೂ ಚಿಕ್ಕಮ್ಮನೇ ಆಗಬೇಕು.

ಓರಗಿತ್ತಿ ಅಡುಗೆಮನೆಯಿಂದ ಮರಳಿದ ಮೇಲೆ ಮಗಳು ಬಂದು ಮೊದಲು ಹೂವನ್ನು ಒತ್ತಿದಳು. ಅದು ಕೆಂಪಗೆ ಬೆಳಗಿತು. “ಚೆನ್ನಾಗಿದೆ ಅಮ್ಮ,” ಎಂದು ಪಕ್ಕಕ್ಕಿಟ್ಟಳು. ಮಿಂಚುಹುಳುವನ್ನು ಎಷ್ಟು ಒತ್ತಿದರೂ ಬೆಳಗಲಿಲ್ಲ.

“ಬೆಳಿಗ್ಗೆ ಉರೀತಿತ್ತಲ್ಲೇ,” ಎಂದ ಓರಗಿತ್ತಿಯ ಮುಖ ಸಪ್ಪಗಾಯಿತು. “ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ.”

“ನಿನ್ನ ಹುಳಕ್ಕೆ ನಿದ್ದೆ ಬಂದಿರ್ಬೇಕು ಚಿಕ್ಕಮ್ಮ. ಬಾ, ಇಬ್ರೂ ಸೇರಿ ಎಬ್ಬಿಸೋಣ. ಎಷ್ಟೊತ್ತಾದ್ರೂ ಆಗ್ಲಿ.”

ಮಗಳು ಚಿಕ್ಕಮ್ಮನ ಮಡಿಲೇರಿ, ತಾಮ್ರದ ಟೇಪನ್ನು ಬೆರಳಿನಿಂದ ತುದಿಯಿಂದ ತುದಿಗೆ ತೀಡತೊಡಗಿದಳು. ಎರಡು ತಲೆಗಳೂ ಕಾರ್ಡಿನ ಮೇಲೆ ತಾಗಿಕೊಂಡು ಬಾಗಿದವು. ನಿಂತಲ್ಲಿ ನಿಲ್ಲಲಾರದೆ ತಾಯಿಯೂ ಹತ್ತಿರ ಹೋಗಿ ಬಗ್ಗಿದಳು.

“ಸ್ವಲ್ಪ ಸರಿ ಅಮ್ಮ,” ಮಗಳು ತಲೆಯೆತ್ತದೆ ಹೇಳಿದಳು, “ಬೆಳಕಿಗೆ ಅಡ್ಡ ಬರ್ತಿದೀಯ.”

ತಾಯಿ ಸರಿದು ನಿಂತಳು.